ಮೋಟು ಗೇರ್ ರಾಡು

ಕಾರು ಮುಂದೆ ಹೋಗಬೇಕಿತ್ತು, ಹಿಂದೆ ಹೋಯಿತು. ಗೇಟಿನ ಪಕ್ಕ ಒರಗಿಸಿಟ್ಟಿದ್ದ ಪುಷ್ಪಚಕ್ರಗಳಲ್ಲಿ ಎರಡನ್ನು ಅಪ್ಪಚ್ಚಿ ಮಾಡಿ, ಕಂಬಕ್ಕೆ ಗುದ್ದಿ, ಎಂಜಿನ್ ಆಫ್ ಆಗಿ ನಿಂತಿತು. ಮನೆ ಮುಂದಿನ ಕುರ್ಚಿಗಳಲ್ಲಿ ತಲೆ ತಗ್ಗಿಸಿ ಕೂತಿದ್ದವರೆಲ್ಲ ದುಃಖವನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದು ನಿಂತರು.

ಸ್ಟಿಯರಿಂಗ್ ಹಿಡಿದಿದ್ದವನು ಶವದ ವ್ಯಾನಿನ ಡ್ರೈವರ್. ವ್ಯಾನು ಬಾಗಿಲವರೆಗೆ ಬರಬೇಕಾದರೆ ಅಡ್ಡ ನಿಂತಿದ್ದ ಈ ಹಳೇ ಕಾರು ಜರುಗಬೇಕಿತ್ತು. ಅದನ್ನು ಓಡಿಸುವ ಆ ಮನೆಯ ಮಗಳು ಒಳಗೆಲ್ಲೋ ಇದ್ದಳು. ಸತ್ತವನ ಹೆಂಡತಿ ಬಾಗಿಲ ಹಿಂದಿನ ಮೊಳೆಯಿಂದ ಕೀ ಗೊಂಚಲು ತೆಗೆದು ಡ್ರೈವರನ ಕೈಗೆ ಹಾಕಿದ್ದಳು, ಅಷ್ಟೇ.

ಡ್ರೈವರ್ ಇಳಿದು ಮೊದಲು ಬಂಪರ್ ನೋಡಿದ, ಆಮೇಲೆ ಹೂವು ನೋಡಿದ, ಕೊನೆಗೆ ಇದು ಸಾವಿನ ಮನೆ ಎಂಬುದು ನೆನಪಾಗಿ ಮುಖ ಸಣ್ಣದು ಮಾಡಿಕೊಂಡ.

"ಅಮ್ಮಾ, ನಾನು ಫಸ್ಟ್ ಗೇರೇ ಹಾಕಿದ್ದು," ಅಂದ. "ಎಷ್ಟೋ ವರ್ಷದಿಂದ ಹೆಣದ ಗಾಡಿ ಓಡಿಸ್ತಿದೀನಿ. ಹಿಂದೆ ಮಲಗಿರೋರು ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

ಅವಳಿಗೆ ನಗು ಬರಲಿಲ್ಲ. ಕಿವಿಯಲ್ಲಿ ಅವನ ಮೊದಲನೆಯ ಮಾತೇ ಉಳಿಯಿತು. ನಾನು ಫಸ್ಟ್ ಗೇರೇ ಹಾಕಿದ್ದು. ಹನ್ನೊಂದು ವರ್ಷದ ಹಿಂದೆ ಅವಳು ಇದೇ ಮಾತನ್ನು ಪೊಲೀಸಿನವನಿಗೆ, ಡಾಕ್ಟರಿಗೆ, ಆಸ್ಪತ್ರೆಯ ಮಂಚದ ಮೇಲೆ ಮಂಡಿ ಚೂರಾಗಿ ಮಲಗಿದ್ದ ತನ್ನ ತಂಗಿಗೆ ಹೇಳಿದ್ದಳು. ಒಬ್ಬರೂ ನಂಬಿರಲಿಲ್ಲ. ಕಡೆಕಡೆಗೆ ಅವಳೂ ನಂಬುವುದನ್ನು ಬಿಟ್ಟಿದ್ದಳು.

"ಫಸ್ಟ್ ಹಾಕಿದ್ರೂ ರಿವರ್ಸ್ ಬಿತ್ತಾ?" ಎಂದು ಕೇಳಿದಳು.

ಡ್ರೈವರ್ ಕಾರಿನೊಳಗೆ ಬಗ್ಗಿ ಗೇರ್ ರಾಡನ್ನು ಅತ್ತಿತ್ತ ಅಲುಗಿಸಿದ. ಅದು ಅಂಗೈಯಷ್ಟು ಎತ್ತರದ ಮೋಟು ರಾಡು.

"ಇದು ಕಂಪನಿದಲ್ಲ, ಹೊರಗಿಂದ ತಂದು ಹಾಕಿರೋದು. ಚೂರು ಅಲ್ಲಾಡಿಸಿದ್ರೆ ಗೇರ್ ಬೀಳುತ್ತೆ. ಇದ್ರಲ್ಲಿ ಫಸ್ಟೂ ರಿವರ್ಸೂ ಅಕ್ಕಪಕ್ಕ ಇವೆ, ಮಧ್ಯ ಕೂದಲೆಳೆ ಜಾಗ. ಅದಕ್ಕೇ ಒಂದು ಲಾಕ್ ರಿಂಗ್ ಕೊಟ್ಟಿರ್ತಾರೆ. ರಿಂಗ್ ಎತ್ತಿದ್ರೆ ಮಾತ್ರ ರಿವರ್ಸ್ ಬೀಳ್ಬೇಕು. ಇಲ್ಲಿ ಆ ರಿಂಗೇ ಇಲ್ಲ." ಅವನು ಕೀ ಕಿತ್ತು ಅವಳಿಗೆ ಕೊಡಲು ಹೋದವನು ಗೊಂಚಲನ್ನು ಕಣ್ಣ ಹತ್ತಿರ ಹಿಡಿದ. "ಅರೆ, ಇಲ್ಲೇ ಇದೆಯಲ್ಲಮ್ಮ."

ಕೀಗಳ ನಡುವೆ ಒಂದು ಉಕ್ಕಿನ ಬಳೆ ತೂಗುತ್ತಿತ್ತು. ಹೆಬ್ಬೆರಳು ತೂರುವಷ್ಟು ಅಗಲ, ಒಂದು ಕಡೆ ಪುಟ್ಟ ಕಿವಿ. ಯಾವುದೋ ಗುಜರಿ ವಾಷರ್ ಎಂದುಕೊಂಡು ಅವಳು ಇಷ್ಟು ವರ್ಷ ಅದನ್ನು ಹಿಡಿದೇ ಮನೆ ಬೀಗ ತೆಗೆದಿದ್ದಳು, ಹಾಕಿದ್ದಳು. ಚೀಲದ ತಳದಲ್ಲಿ ಗೊಂಚಲು ಸಿಗದಿದ್ದಾಗ ಬೆರಳು ಮೊದಲು ತಾಕುತ್ತಿದ್ದುದು ಆ ಬಳೆಗೇ. ಈಗ ಗೊಂಚಲು ತೆಗೆದುಕೊಂಡು ಬಳೆಯನ್ನು ಬಿಡಿಸಿ ಮುಷ್ಟಿಯಲ್ಲಿ ಹಿಡಿದಳು.

"ಹಾಕೋದು ಮರೆತಿದ್ದಾರೆ ಅನ್ಸುತ್ತೆ ನಿಮ್ಮ ಯಜಮಾನ್ರು," ಎಂದ ಡ್ರೈವರ್, ಸಮಾಧಾನ ಹೇಳುವವನಂತೆ.

ಅವಳ ಗಂಡ ಏನನ್ನೂ ಮರೆಯುವವನಾಗಿರಲಿಲ್ಲ. ಕೆಲಸ ಮುಗಿದ ಮೇಲೆ ಒಂದು ಸ್ಕ್ರೂ ಉಳಿದರೆ ಇಡೀ ಎಂಜಿನ್ನನ್ನೇ ಮತ್ತೆ ಬಿಚ್ಚುವ ಜಾತಿ. ಊರಿನ ಜನ ಅವನನ್ನು ಹೊಗಳುತ್ತಿದ್ದುದು ಅದಕ್ಕೇ.

*

ಆ ಭಾನುವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಅವತ್ತು ಅವಳಿಗೆ ಗಂಡನ ಮೇಲೆ ಪ್ರೀತಿ ಉಕ್ಕಿ ಬಂದಿತ್ತು. ಅಂಥ ದಿನಗಳು ಬೆರಳೆಣಿಕೆಯಷ್ಟಿದ್ದುದರಿಂದ ಮರೆಯುವುದು ಕಷ್ಟವಾಗಿತ್ತು.

ಆಗ ಕಾರು ಅವಳ ಕೈಯಲ್ಲಿತ್ತು. ಕ್ಲಿನಿಕ್ಕುಗಳನ್ನು ಸುತ್ತಿ ರಕ್ತದ ಸ್ಯಾಂಪಲ್ಲುಗಳನ್ನು ಲ್ಯಾಬಿಗೆ ತಲುಪಿಸುವ ಕೆಲಸ ಅವಳದು. ತಡವಾದರೆ ರಕ್ತ ಕೆಡುತ್ತದೆ, ಕುಲುಕಿದರೂ ಕೆಡುತ್ತದೆ. ಹಾಗಾಗಿ ಅವಳು ಬೇಗವಾಗಿಯೂ ಹೋಗುತ್ತಿದ್ದಳು, ಮೆತ್ತಗೂ ಹೋಗುತ್ತಿದ್ದಳು. ಗಂಡನ ಗ್ಯಾರೇಜು ಇದ್ದದ್ದು ಏರು ರಸ್ತೆಯಲ್ಲಿ. ಮಧ್ಯಾಹ್ನ ಅಲ್ಲಿ ಹಾದುಹೋಗುವಾಗ ಏರಿನಲ್ಲೇ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಮುಟ್ಟದೆ ಬರೀ ಕ್ಲಚ್ಚಿನಲ್ಲೇ ಹಿಡಿದುಕೊಂಡು, ಕಿಟಕಿಯಿಂದ ಎರಡು ಮಾತಾಡಿ, ಒಂದಿಂಚೂ ಹಿಂದೆ ಜಾರದೆ ಮೇಲಕ್ಕೆ ಹೋಗಿಬಿಡುತ್ತಿದ್ದಳು.

ಗಂಡನ ಜೊತೆ ಕೆಲಸ ಮಾಡುತ್ತಿದ್ದವನಿಗೆ ಗ್ರೀಸ್ ಎಂದು ಅಡ್ಡಹೆಸರು. ಅವನಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. "ಅತ್ತಿಗೆ ಗಾಡಿ ಹಿಡಿಯೋದು ನೋಡಿ ಕಲ್ತ್ಕೋ ಗುರುವೇ," ಎಂದು ಎಲ್ಲರೆದುರು ಹೇಳುತ್ತಿದ್ದ. "ನೀನು ರಿಪೇರಿಗೇ ಸರಿ." ಎಲ್ಲರೂ ನಗುತ್ತಿದ್ದರು. ಗಂಡನೂ ನಗುತ್ತಿದ್ದ. ಅಂಥ ಸಂಜೆ ಮನೆಗೆ ಬಂದರೆ ಅವನು ಊಟದ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಆಮೇಲೆ ಅವಳಿಗೆ ಗೇರ್ ಹಾಕುವ ಕೈಯ ಭುಜ ನೋಯತೊಡಗಿತು. ಒಂದು ವಾರ ಸುಮ್ಮನಿದ್ದು, ಆ ಭಾನುವಾರ ಗಂಡ ಒಂದು ಪೊಟ್ಟಣ ತಂದು ಬಿಚ್ಚಿದ. "ಮೋಟು ಗೇರ್ ರಾಡು. ರೇಸಿನೋರು ಹಾಕಿಸ್ಕೊಳ್ತಾರೆ. ಕೈ ಜಾಸ್ತಿ ಆಡಿಸ್ಬೇಕಾಗಿಲ್ಲ, ನಿನ್ನ ಭುಜಕ್ಕೆ ಆರಾಮ." ಮದುವೆಯಾದ ಮೇಲೆ ಅವನು ಅವಳ ನೋವೊಂದನ್ನು ಅವಳು ಎರಡನೇ ಸಲ ಹೇಳುವ ಮೊದಲು ನೆನಪಿಟ್ಟುಕೊಂಡದ್ದು ಅದೇ ಮೊದಲು.

ಇಡೀ ಬೆಳಗು ಅವಳು ಟಾರ್ಚ್ ಹಿಡಿದಳು. ಅವನು ಗೇರಿನ ಗುಂಡು ತಿರುಗಿಸಿ ತೆಗೆದ, ರಾಡಿನ ಬುಡಕ್ಕೆ ಸುತ್ತಿದ್ದ ಚರ್ಮದ ಚೀಲ ಮೇಲಕ್ಕೆಳೆದ, ಸೀಟುಗಳ ನಡುವಿನ ಡಬ್ಬವನ್ನೇ ಎತ್ತಿ ಹೊರಗಿಟ್ಟ. ಬಿಚ್ಚಿದ ಸ್ಕ್ರೂಗಳನ್ನು ಒಂದು ಸಾಸರಿನಲ್ಲಿ ಬಿಚ್ಚಿದ ಕ್ರಮದಲ್ಲೇ ಜೋಡಿಸಿದ. ಕಾರಿನ ಕೆಳಗೆ ನುಸುಳಿ, ಬೆನ್ನ ಮೇಲೆ ಮಲಗಿ, ರಾಡಿನ ತುದಿಯನ್ನು ಹಿಡಿದಿದ್ದ ಕ್ಲಿಪ್ಪನ್ನು ಮೀಟಿ ತೆಗೆದ. ಹಳೇ ಉದ್ದನೆಯ ರಾಡು ಮೇಲಿನಿಂದ ಸಲೀಸಾಗಿ ಎದ್ದು ಬಂತು. ಹೊಸದನ್ನು ಕೂರಿಸುವ ಕುಳಿಗೆ ಬೆರಳಿನಲ್ಲಿ ಗ್ರೀಸ್ ಸವರಿದ, ಸುತ್ತಲೂ ಒಂದೇ ಸಮ. ಕೆಲಸ ಮಾಡುತ್ತಾ ಏನೋ ಗುನುಗುತ್ತಿದ್ದ. ಅವನು ಹಾಡುವುದನ್ನು ಕೇಳಿ ಎಷ್ಟು ಕಾಲವಾಯಿತು ಎಂದು ಅವಳಿಗೆ ಕಣ್ಣು ತುಂಬಿತು.

"ಒಂದು ಟೀ ಮಾಡ್ಕೊಂಡು ಬಾ," ಅಂದ ಆಮೇಲೆ.

ಅವಳು ಟೀ ತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಚರ್ಮದ ಚೀಲ ಕೂತಿತ್ತು, ಮೇಲೆ ಹೊಸ ಗುಂಡು ಹೊಳೆಯುತ್ತಿತ್ತು. ಅವಳು ಮುಟ್ಟಿ ನೋಡಿ ಕೇಳಿದಳು, "ಹಳೇದ್ರಲ್ಲಿ ರಿವರ್ಸಿಗೆ ಎತ್ತೋ ರಿಂಗ್ ಇತ್ತಲ್ಲ?"

"ಇದು ರೇಸಿಂದು, ಇದಕ್ಕೆ ಅದೆಲ್ಲ ಇರಲ್ಲ. ಕೈ ಸರಿಯಿರೋರಿಗೆ ಅದು ಬೇಕಾಗೋದೂ ಇಲ್ಲ."

ಅವನು ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಅರ್ಧ ಕುಡಿದ.

*

"ಯಾರು ಮುಟ್ಟಕ್ಕೆ ಹೇಳಿದ್ದು ಕಾರನ್ನ?" ಎನ್ನುತ್ತಾ ಮಗಳು ಹೊರಗೆ ಬಂದಳು. ಅತ್ತು ಮೂಗು ಕೆಂಪಾಗಿತ್ತು, ಆದರೂ ಬಂಪರ್ ನೋಡಲು ಮರೆಯಲಿಲ್ಲ. ಈ ಕಾರು ನನಗೇ ಅಂತ ಅಪ್ಪ ಹೇಳಿದ್ದಾರೆ ಎಂದು ಬೆಳಗಿನಿಂದ ಅವಳು ಬಂದವರಿಗೆಲ್ಲ ಎರಡೆರಡು ಸಲ ತಿಳಿಸಿದ್ದಳು. "ಕೊಡಿ ಇಲ್ಲಿ. ರಾಡನ್ನ ಸ್ವಲ್ಪ ಬಲಕ್ಕೆ ಒತ್ಕೊಂಡು ಮುಂದೆ ತಳ್ಬೇಕು, ಆಗ ಫಸ್ಟ್ ಬೀಳುತ್ತೆ."

ಅವಳು ಕೂತು, ಒತ್ತಿಕೊಂಡು, ತಳ್ಳಿ, ಕಾರನ್ನು ನೀರಿನಂತೆ ಮುಂದೆ ಹರಿಸಿ ರಸ್ತೆ ಬದಿಯಲ್ಲಿ ನಿಲ್ಲಿಸಿದಳು. ಜನ ಮತ್ತೆ ಕೂತು ತಮ್ಮ ತಮ್ಮ ದುಃಖ ಎತ್ತಿಕೊಂಡರು.

ತಾಯಿ ಕಾರಿನ ಕಿಟಕಿಯ ಹತ್ತಿರ ಹೋಗಿ ನಿಂತಳು. "ಬಲಕ್ಕೆ ಒತ್ಕೊಳ್ಬೇಕು ಅಂತ ಯಾರು ಹೇಳ್ಕೊಟ್ರು ನಿಂಗೆ?"

"ಅಪ್ಪ. ಇನ್ಯಾರು?"

"ನಂಗ್ಯಾಕೆ ಹೇಳ್ಕೊಡ್ಲಿಲ್ಲ?"

ಮಗಳು ಬಾಯಿ ತೆರೆದವಳು ತಾಯಿಯ ಮುಷ್ಟಿ ಬಿಚ್ಚಿದ್ದನ್ನು ನೋಡಿದಳು. ಅಂಗೈ ಮೇಲೆ ಆ ಬಳೆ ಇತ್ತು. ಅದೇನು, ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ. "ಅಮ್ಮ, ಇವತ್ತು ಬೇಡ," ಅಂದಳು.

ತಾಯಿಗೆ ಅಷ್ಟರಲ್ಲೇ ಎಲ್ಲ ಗೊತ್ತಾಯಿತು. ಬೆಳಗಿನಿಂದ ಗಂಡನ ಹೆಣದ ಮುಂದೆ ಬರದಿದ್ದ ನೋವು ಮಗಳ ಮುಖ ನೋಡಿದಾಗ ಬಂತು.

ಗ್ರೀಸ್ ಕುರ್ಚಿಗಳ ಕೊನೆಯ ಸಾಲಿನಲ್ಲಿ ಹೊಸಬರೊಬ್ಬರಿಗೆ ಸಾವಿನ ಕತೆ ಹೇಳುತ್ತಿದ್ದ. ಬೆಳಗಿನಿಂದ ಹೇಳೀ ಹೇಳೀ ಕತೆ ಪಾಲಿಶ್ ಆಗಿತ್ತು.

"ಕಾರಿನ ಕೆಳಗೆ ಮಲಗಿದ್ದ. ಎರಡು ಕಾಲು ಹೊರಗಿದ್ವು. ನಾವು ಕೆಲಸ ಮಾಡ್ತಿದಾನೆ ಅಂತ್ಲೇ ಅನ್ಕೊಂಡ್ವಿ. ಕಾರಿನ ಓನರ್ ಬಂದು, ಇನ್ನೂ ಎಷ್ಟು ಹೊತ್ರೀ ಅಂತ ಕಾಲುಗಳಿಗೇ ಬೈದು ಹೋದ. ನಾನು ಸ್ಪ್ಯಾನರ್ ಬೇಕಾ ಅಂತ ಒಳಗೆ ಜಾರಿಸ್ದೆ. ತಗೊಳ್ಲಿಲ್ಲ. ಏನೋ ಕೋಪ ಬಂದಿದೆ, ಇರ್ಲಿ ಅಂತ ಸುಮ್ನಾದೆ. ಬಾಗಿಲು ಹಾಕೋ ಹೊತ್ತಿಗೆ ಕಾಲು ಹಿಡಿದು ಎಳೆದ್ರೆ, ಯಾವಾಗ್ಲೋ ತಣ್ಣಗಾಗಿತ್ತು."

"ಪುಣ್ಯಾತ್ಮ. ಕೆಲಸ ಮಾಡ್ತಾ ಮಾಡ್ತಾನೇ ಹೋದ," ಎಂದರು ಹೊಸಬರು.

"ಗ್ರೀಸ್, ಇಲ್ಲಿ ಬಾ," ಎಂದು ಕರೆದಳು ಅವಳು.

ಬಂದವನು ಬಳೆ ನೋಡಿದ. ನೋಡಿದ ಮೇಲೆ ಅವನಿಗೆ ತನ್ನ ಉಗುರುಗಳಲ್ಲಿ ಇದ್ದಕ್ಕಿದ್ದಂತೆ ಬಹಳ ಆಸಕ್ತಿ ಹುಟ್ಟಿತು.

"ಹೇಳು."

"ಏನ್ ಹೇಳೋದು ಅತ್ತಿಗೆ. ತಮಾಷೆಗೆ ಶುರುವಾಗಿದ್ದು ಅದು. ರಿಂಗ್ ಹಾಕಲ್ಲ, ಒಂದೆರಡು ದಿನ ಮುಂದೆ ಅಂತ ಹೋಗಿ ಹಿಂದೆ ಬರ್ಲಿ, ನೋಡ್ತಿರಿ ಅಂತ ಹೇಳಿದ್ದ. ಆಮೇಲೆ ಹಾಕ್ಬಿಡ್ತೀನಿ ಅಂತಾನೂ ಹೇಳಿದ್ದ."

"ನಕ್ರಾ ಎಲ್ಲರೂ?"

"ನಕ್ವಿ."

"ಆಮೇಲೆ ಯಾಕೆ ಹಾಕ್ಲಿಲ್ಲ?"

"ಆಮೇಲೆ ನಿಮ್ಮ ತಂಗಿ ಕಾಲು ಹೋಯ್ತಲ್ಲ." ಗ್ರೀಸ್ ಸುತ್ತ ನೋಡಿ ದನಿ ತಗ್ಗಿಸಿದ. "ಆಮೇಲೆ ಹಾಕಿದ್ರೆ, ಈಗ್ಯಾಕೆ ಹಾಕಿದ್ರಿ ಅಂತ ನೀವು ಕೇಳ್ತಿದ್ರಿ."

ಅವನ ಮಟ್ಟಿಗೆ ಅದು ಪೂರ್ತಿ ಉತ್ತರವಾಗಿತ್ತು. ಇಷ್ಟು ವರ್ಷ ಗ್ಯಾರೇಜಿನಲ್ಲಿ ಎಲ್ಲರಿಗೂ ಅದೇ ಸಾಕಾಗಿತ್ತು.

*

ಆಗಿದ್ದು ಇಷ್ಟೇ. ಮೋಟು ಗೇರ್ ರಾಡು ಬಂದ ಮೇಲೆ ಅವಳು ಸಿಗ್ನಲ್ಲುಗಳಲ್ಲಿ ಹಿಂದಕ್ಕೆ ಜಿಗಿಯತೊಡಗಿದಳು. ಎಲ್ಲ ಸಲವೂ ಅಲ್ಲ, ಹತ್ತಕ್ಕೆ ಒಂದು ಸಲ. ಹತ್ತಕ್ಕೆ ಹತ್ತೂ ಆಗಿದ್ದರೆ ಗೇರಿನ ಮೇಲೆ ಅನುಮಾನ ಬರುತ್ತಿತ್ತು. ಒಂದೇ ಸಲ ಆದರೆ ಅನುಮಾನ ಬರುವುದು ತನ್ನ ಮೇಲೆಯೇ. "ಏನೋ ಸರಿಯಿಲ್ಲ ನೋಡಿ," ಎಂದು ಗಂಡನಿಗೆ ಹೇಳಿದಳು. ಅವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿ, ಒಂದು ಸಲವೂ ತಪ್ಪದೆ ಮನೆ ಮುಂದೆ ತಂದು ನಿಲ್ಲಿಸಿದ. "ಎಲ್ಲಿ ಸರಿಯಿಲ್ಲ?" ಎಂದು ಕೇಳಿದ.

ಅವಳ ತಂಗಿ ಅಂಚೆ ಹಂಚುವವಳು. ಬೆಳಗಿನಿಂದ ಸಂಜೆವರೆಗೆ ನಡೆಯುವುದೇ ಅವಳ ಉದ್ಯೋಗ, ಅದೇ ಅವಳ ಜಂಬ ಕೂಡ. ಒಂದು ದಿನ ಅಂಚೆ ಕಚೇರಿಯ ಹಿಂದೆ, ಅಕ್ಕನ ಕಾರಿನ ಡಿಕ್ಕಿಯಲ್ಲಿ ತನ್ನ ಹಳೇ ಕುರ್ಚಿಯೊಂದನ್ನು ಹಾಕಿ, ಬಾಗಿಲು ಮುಚ್ಚಿ, ಹೋಗು ಅಂತ ಎರಡು ಸಲ ತಟ್ಟಿದಳು. ಅಕ್ಕ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟಳು. ತಂಗಿಯ ಹಿಂದೆ ಗೋಡೆಯಿತ್ತು.

ಆಮೇಲೆ ತಂಗಿ ಅಂಚೆ ಹಿಡಿದು ನಡೆಯಲಿಲ್ಲ. ಕಚೇರಿಯೊಳಗೆ ಕೂತು ಕವರುಗಳಿಗೆ ಮುದ್ರೆ ಒತ್ತುವ ಕೆಲಸ ಕೊಟ್ಟರು. ಅವಳು ಅಕ್ಕನನ್ನು ಅಕ್ಕ ಅನ್ನುವುದನ್ನು ಬಿಟ್ಟಳು, ಮಾತು ಮಾತ್ರ ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಸಿಕ್ಕಾಗಲೆಲ್ಲ ಚುಚ್ಚಿದಳು.

ಗಂಡ ಮಾತ್ರ ದೇವರಂಥವನಾಗಿಬಿಟ್ಟ. ನಾದಿನಿಯನ್ನು ವಾರವಾರ ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವಳಿಗೊಂದು ಊರುಗೋಲು ಮಾಡಿಕೊಟ್ಟ. ಬಿಚ್ಚಿಟ್ಟಿದ್ದ ಹಳೇ ಗೇರ್ ರಾಡಿನ ಮೇಲ್ತುದಿಯನ್ನೇ ಕತ್ತರಿಸಿ ಹಿಡಿಯಾಗಿ ಕೂರಿಸಿದ್ದ. ಮೇಲೆ ಗೇರಿನ ಅಂಕಿಗಳಿದ್ದ ಗುಂಡು, ಗುಂಡಿನ ಕೆಳಗೆ ರಿವರ್ಸಿಗೆ ಎತ್ತುವ ಹಳೇ ರಿಂಗು. ಯೋಚನೆಯಲ್ಲಿದ್ದಾಗ ತಂಗಿ ಆ ರಿಂಗನ್ನು ಬೆರಳಲ್ಲಿ ಎತ್ತಿ ಬಿಡುವಳು. ಟಿಕ್, ಟಿಕ್. ನೆಂಟರಿಷ್ಟರಿಗೆಲ್ಲ ಆ ಸದ್ದು ಪರಿಚಯವಿತ್ತು.

ಹೆಂಡತಿಗೂ ಅವನು ಒಂದು ಕೆಟ್ಟ ಮಾತಾಡಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ಆಗುತ್ತೆ ಬಿಡು, ಎಲ್ಲರ ಕೈಗೂ ಕಾರು ಒಗ್ಗಲ್ಲ," ಎಂದ. ಒಂದೆರಡು ಸಲ ಅವಳು ಡ್ರೈವರ್ ಸೀಟಿನಲ್ಲಿ ಕೂತು ನೋಡಿದಳು. ಕ್ಲಚ್ ಮೇಲಿಟ್ಟ ಕಾಲು ಗಡಗಡ ನಡುಗಿತು. ಲ್ಯಾಬಿನವರು ಅವಳನ್ನು ನೆಲಮಾಳಿಗೆಯಲ್ಲಿ ಟ್ಯೂಬುಗಳಿಗೆ ಚೀಟಿ ಅಂಟಿಸಲು ಹಾಕಿದರು. ಅಲ್ಲಿಗೆ ಅವಳು ಬಸ್ಸಿನಲ್ಲಿ ಹೋಗುತ್ತಿದ್ದಳು.

*

"ಈಗ ಹಾಕು," ಎಂದು ಅವಳು ಬಳೆ ಚಾಚಿದಳು.

"ಈಗಾ? ಅತ್ತಿಗೆ, ಹೆಣ ಒಳಗಿದೆ," ಅಂದ ಗ್ರೀಸ್.

"ಇರ್ಲಿ. ಅದಕ್ಕೇನು ಬೇರೆ ಕೆಲಸ ಇದೆಯಾ?"

ಗಂಡನ ಅಣ್ಣ ಎದ್ದು ಬಂದರು. ಚಿತಾಗಾರದಲ್ಲಿ ಗೊತ್ತು ಮಾಡಿದ ಹೊತ್ತು ಮೀರಿದರೆ ಸಂಜೆವರೆಗೆ ಕಾಯಬೇಕಾಗುತ್ತದೆ ಎಂದರು, ಜನ ಏನಂದುಕೊಳ್ಳುತ್ತಾರೆ ಎಂದರು, ದುಃಖದಲ್ಲಿ ತಲೆ ಕೆಟ್ಟಿದೆ, ಒಳಗೆ ಕರೆದುಕೊಂಡು ಹೋಗಿ ಎಂದರು. ಅವಳು ಕಾರಿನ ಬಾಗಿಲು ತೆಗೆದು ಹಿಡಿದು ನಿಂತಳು.

"ಹಾಕ್ತೀಯೋ, ಇಲ್ಲ ಎಲ್ಲರಿಗೂ ಕೇಳೋ ಹಾಗೆ ನಾನು ಕತೆ ಹೇಳ್ಲಾ? ನೀನು ಬೆಳಿಗ್ಗೆಯಿಂದ ಹೇಳ್ತಿರೋದಕ್ಕಿಂತ ಚೆನ್ನಾಗಿದೆ."

ಗ್ರೀಸ್ ಹಾಕಿದ. ಶವದ ವ್ಯಾನಿನ ಡ್ರೈವರ್ ಬೇರೆ ಕೆಲಸವಿಲ್ಲದೆ ಟಾರ್ಚ್ ಹಿಡಿದ. ಗುಂಡು ಬಿಚ್ಚಿದರು, ಚರ್ಮದ ಚೀಲ ಇಳಿಸಿದರು, ಬಳೆಯನ್ನು ಕಿವಿ ಒಳಗೆ ಬರುವಂತೆ ರಾಡಿಗೆ ತೂರಿಸಿದರು. ಅದನ್ನು ಕೆಳಕ್ಕೆ ಒತ್ತಿಹಿಡಿಯಲು ಒಂದು ಸಣ್ಣ ಸ್ಪ್ರಿಂಗ್ ಬೇಕಿತ್ತು. ಗ್ರೀಸ್ ಹಿತ್ತಿಲಿನ ಕೋಣೆಯಲ್ಲಿ ಸತ್ತವನ ಡಬ್ಬಿಗಳನ್ನು ತೆರೆದು ನೋಡಿದ. ಮೂರನೇ ಡಬ್ಬಿಯಲ್ಲಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ತುಕ್ಕಿನ ಚುಕ್ಕೆಯೂ ಇಲ್ಲದೆ, ಆ ಸ್ಪ್ರಿಂಗ್ ಇತ್ತು. ಅದನ್ನು ನೋಡಿ ಅವಳಿಗೆ ಸಿಟ್ಟೂ ಬರಲಿಲ್ಲ. ಹೆಂಡತಿಯನ್ನು ಕೆಡಿಸಿದವನು ಸ್ಪ್ರಿಂಗನ್ನು ಕೆಡದಂತೆ ಇಟ್ಟಿದ್ದನಲ್ಲ ಎಂದು ಅಸಹ್ಯವಾಯಿತು.

ಟೀ ಕಾಯಿಸುವಷ್ಟು ಹೊತ್ತಿನ ಕೆಲಸ. ಅಷ್ಟಕ್ಕೆ ಹನ್ನೊಂದು ವರ್ಷ.

ಒಳಗೆ ತಂಗಿ ಪೆಟ್ಟಿಗೆಯ ಪಕ್ಕ ಕೂತಿದ್ದಳು. ಬಂದವರಲ್ಲೆಲ್ಲ ಜಾಸ್ತಿ ಅತ್ತವಳು ಅವಳೇ. "ಭಾವನ ಹಾಗೆ ನನ್ನ ನೋಡ್ಕೊಂಡೋರು ಯಾರಿದಾರೆ," ಎಂದು ಪಕ್ಕದವರಿಗೆ ಹೇಳುತ್ತಿದ್ದಳು. "ಮುರಿದೋಳು ಇವಳು. ಕೋಲು ಮಾಡ್ಕೊಟ್ಟೋರು ಅವರು." ಟಿಕ್, ಟಿಕ್ ಎನ್ನುತ್ತಿತ್ತು ಕೋಲು. ಸತ್ತವನ ಮುಖ ನೆಮ್ಮದಿಯಾಗಿತ್ತು. ಉಗುರುಗಳನ್ನು ಯಾರೋ ಉಜ್ಜಿ ತೊಳೆದಿದ್ದರು. ಬದುಕಿದ್ದಾಗ ಅವು ಅಷ್ಟು ಬೆಳ್ಳಗೆ ಯಾವತ್ತೂ ಇರಲಿಲ್ಲ.

"ಏಳು. ನನ್ನ ಜೊತೆ ಕಾರಲ್ಲಿ ಬಾ," ಅಂದಳು ಅಕ್ಕ.

"ಯಾರು ಓಡಿಸ್ತಾರೆ?"

"ನಾನು."

ತಂಗಿ ಮೂಗು ಒರೆಸಿಕೊಂಡಳು. "ಯಾಕೆ, ನಂಗೆ ಇನ್ನೊಂದು ಕಾಲು ಉಳಿದಿದೆ ಅಂತಲಾ?"

ಪಕ್ಕದವರಲ್ಲಿ ಒಬ್ಬರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಆದರೂ ತಂಗಿ ಎದ್ದು ಬಂದಳು. ಬೇರೆ ಗಾಡಿಗಳು ಆಗಲೇ ತುಂಬಿದ್ದವು. ಕಾಲಿಗೆ ಜಾಗ ಬೇಕೆಂದರೆ ಈ ಕಾರಿನ ಮುಂದಿನ ಸೀಟೇ ಆಗಬೇಕಿತ್ತು. ಮಗಳು ಕೀಗೆ ಕೈ ಚಾಚಿದಳು, ತಾಯಿ ಕೊಡಲಿಲ್ಲ. ಮಗಳು ಹಿಂದೆ ಹೋಗಿ ಕೂತಳು.

ವ್ಯಾನು ಹೊರಟಿತು. ಅವಳು ಕ್ಲಚ್ ಒತ್ತಿ ಫಸ್ಟ್ ಹಾಕಿದಳು. ರಾಡು ಎಡಕ್ಕೆ ಹೋಗಿ ಒಂದು ಗಟ್ಟಿ ಗೋಡೆಗೆ ತಾಕಿದಂತೆ ನಿಂತಿತು, ಅಲ್ಲಿಂದ ಮುಂದೆ ಸಲೀಸಾಗಿ ಹೋಯಿತು. ಕಾರು ಮುಂದೆ ಹೋಯಿತು. ಗಂಡ ಸತ್ತ ದಿನ ಇಂಥ ಸಂತೋಷ ಆಗಬಾರದು ಎಂದು ಅವಳಿಗೆ ಗೊತ್ತಿತ್ತು. ಆದರೂ ಆಯಿತು. ಎರಡನೇ ತಿರುವಿನ ಹೊತ್ತಿಗೆ ಕಾಲಿನ ನಡುಕ ನಿಂತಿತ್ತು, ಕೈಗೆ ಹಳೆಯದೆಲ್ಲ ನೆನಪಾಗಿತ್ತು.

ಮೊದಲ ಸಿಗ್ನಲ್ಲಿನಲ್ಲಿ ವ್ಯಾನಿನ ಹಿಂದೆ ನಿಲ್ಲಿಸಿದಾಗ ಅವಳು ಹೇಳಿದಳು, "ನಾನು ಕ್ಲಚ್ ಒತ್ಕೊಂಡಿರ್ತೀನಿ. ನೀನು ರಾಡ್ ಹಿಡ್ಕೊಂಡು ರಿವರ್ಸಿಗೆ ಹಾಕು. ರಿಂಗ್ ಎತ್ತಬೇಡ."

"ಏನಿದು ಆಟ?"

"ಹಾಕು."

ತಂಗಿ ತಳ್ಳಿದಳು. ಬೀಳಲಿಲ್ಲ. ಇನ್ನೂ ಜೋರಾಗಿ ತಳ್ಳಿದಳು. ಬೀಳಲಿಲ್ಲ.

"ಈ ರಿಂಗು ಇವತ್ತು ಹಾಕಿದ್ದು. ಇಷ್ಟು ವರ್ಷ ನಮ್ಮನೆ ಕೀ ಗೊಂಚಲಲ್ಲಿತ್ತು. ನಿಮ್ಮ ಭಾವ ಬೇಕಂತ್ಲೇ ಹಾಕಿರ್ಲಿಲ್ಲ. ನಾನು ಹಿಂದೆ ಹಿಂದೆ ಹೋಗೋದು ನೋಡಿ ನಗಕ್ಕೆ. ನಾನು ಅವತ್ತು ಫಸ್ಟೇ ಹಾಕಿದ್ದು."

ಸಿಗ್ನಲ್ ಬಿಟ್ಟಿತು. ವ್ಯಾನು ಹೊರಟಿತು, ಇವರೂ ಹೊರಟರು. ತಂಗಿ ತನ್ನ ಕೋಲಿನ ತುದಿಯನ್ನು ನೋಡುತ್ತಾ ಕೂತಳು. ಅಂಕಿಗಳು ಅವಳ ಅಂಗೈಗೆ ಉಜ್ಜಿ ಉಜ್ಜಿ ಅರ್ಧ ಅಳಿಸಿದ್ದವು. ಅವಳು ಅದರ ರಿಂಗನ್ನು ಎತ್ತಿದಳು, ಬಿಟ್ಟಳು. ಟಿಕ್. ಆ ಸದ್ದು ಏನೆಂದು ಅವಳಿಗೆ ಈಗ ಮೊದಲ ಸಲ ಹೊಳೆಯಿತು.

"ಯಾರ್ಯಾರಿಗೆ ಗೊತ್ತಿತ್ತು?"

"ಗ್ಯಾರೇಜಿನೋರಿಗೆಲ್ಲ."

"ಮತ್ತೆ?"

ಅಕ್ಕ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದಳು. ತಂಗಿ ಅದನ್ನು ಗಮನಿಸಿ ಹಿಂದಕ್ಕೆ ತಿರುಗಿದಳು.

"ಚಿಕ್ಕಮ್ಮ, ನಂಗೆ ಆಮೇಲೆ ಗೊತ್ತಾಗಿದ್ದು," ಅಂದಳು ಮಗಳು. "ಕಾರು ಕಲಿಯೋವಾಗ. ಅಮ್ಮಂಗೆ ಹೇಳಿದ್ರೆ ಕಾರು ಮುಟ್ಟಕ್ಕೆ ಬಿಡಲ್ಲ ಅಂದಿದ್ರು ಅಪ್ಪ. ಅಷ್ಟೊತ್ತಿಗೆ ಎಲ್ಲಾ ಆಗೋಗಿತ್ತಲ್ಲ. ಅಮ್ಮನೂ ಓಡಿಸೋದು ಬಿಟ್ಟಿದ್ಲು. ಹೇಳಿ ಏನು ಪ್ರಯೋಜನ?"

"ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ಯಲ್ಲ, ನಿಮ್ಮಪ್ಪಂಗೆ ಬಿಡುವಿಲ್ಲದಾಗ. ಆಗ ಗೊತ್ತಿತ್ತಾ?"

"ಹ್ಞೂಂ."

"ಪಕ್ಕದಲ್ಲಿ ಕೂತ್ಕೊಂಡು ನಾನು ನಿಮ್ಮಮ್ಮನ್ನ ಬೈತಿದ್ದಾಗ?"

"ಹ್ಞೂಂ."

"ನೀನೂ ಒಂದೆರಡು ಮಾತು ಸೇರಿಸ್ತಿದ್ದೆ."

ಮಗಳು ಕಿಟಕಿಯ ಹೊರಗೆ ನೋಡಿದಳು. ಚಿತಾಗಾರದ ಗೇಟು 'ನಿಧಾನ' ಎಂಬ ಹಲಗೆಯೊಂದಿಗೆ ಹತ್ತಿರ ಬರುತ್ತಿತ್ತು.

ಒಳಗೆ ಕಾವಲಿನವನು ಗಾಡಿಗಳನ್ನು ಹಿಮ್ಮುಖವಾಗಿ ಗೋಡೆಗೆ ತಾಗುವಂತೆ ನಿಲ್ಲಿಸಲು ಕೈಬೀಸಿ ಹೇಳುತ್ತಿದ್ದ. ಹಿಂದಿನ ಗಾಜಿಗೆ ಒಳಗಿನಿಂದ ಯಾರೋ ಒಂದು ಪುಷ್ಪಚಕ್ರ ಒರಗಿಸಿಟ್ಟಿದ್ದರಿಂದ ಹಿಂಬದಿ ಅರ್ಧ ಮರೆಯಾಗಿತ್ತು. "ನಾನು ಇಳಿದು ನೋಡ್ತೀನಿ," ಎಂದು ಮಗಳು ಬಾಗಿಲು ತೆಗೆದು ಇಳಿದೇಬಿಟ್ಟಳು. ಆ ಕಾರಿನಿಂದ ಹೊರಬೀಳಲು ಅವಳಿಗೆ ಒಂದು ನೆಪ ಬೇಕಿತ್ತು. ಹಿಂದೆ ಹೋಗಿ, ಗೋಡೆಗೂ ಕಾರಿಗೂ ನಡುವೆ ನಿಂತು, ಕೈ ಎತ್ತಿದಳು. "ಬಾ. ಬಾ ಬಾ."

ತಾಯಿ ಎರಡು ಬೆರಳಲ್ಲಿ ರಿಂಗ್ ಎತ್ತಿ ರಿವರ್ಸ್ ಹಾಕಿದಳು. ಬೆಳ್ಳನೆಯ ದೀಪ ಹೊತ್ತಿ ಮಗಳ ಮಂಡಿಗಳ ಮೇಲೆ ಬಿತ್ತು. ಕಾರು ಮೆತ್ತಗೆ, ಟ್ಯೂಬಿನಲ್ಲಿನ ರಕ್ತ ಕುಲುಕದಷ್ಟು ಮೆತ್ತಗೆ, ಹಿಂದೆ ಸರಿಯಿತು.

"ಸಾಕು," ಅಂದಳು ಮಗಳು.

ಕಾರು ಸರಿಯುತ್ತಲೇ ಇತ್ತು.

"ಅಮ್ಮ, ಸಾಕು. ಹಿಂದೆ ಗೋಡೆ ಇದೆ."

ಬಂಪರು ಮಗಳ ಬಟ್ಟೆಗೆ ತಾಗಿ ನಿಂತಿತು. ಮಗಳು ಬೆನ್ನನ್ನು ಗೋಡೆಗೆ ಒತ್ತಿ, ಎರಡೂ ಅಂಗೈಗಳನ್ನು ಡಿಕ್ಕಿಯ ಮೇಲಿಟ್ಟಿದ್ದಳು. ಕನ್ನಡಿಯಲ್ಲಿ ಹೂಗಳ ಪಕ್ಕ ಅವಳ ಮುಖ ಕಾಣುತ್ತಿತ್ತು. ಅತ್ತ ವ್ಯಾನಿನ ಬಾಗಿಲು ತೆಗೆದು ಪೆಟ್ಟಿಗೆ ಇಳಿಸುತ್ತಿದ್ದರು. ಗಂಡನ ಅಣ್ಣ ಬೇಗ ಬಾ ಎಂದು ಕೈಬೀಸುತ್ತಿದ್ದರು. ಎಂಜಿನ್ ಆಫ್ ಆಗಿರಲಿಲ್ಲ, ತಾಯಿಯ ಕೈ ಮೋಟು ಗೇರ್ ರಾಡಿನ ಮೇಲೆಯೇ ಇತ್ತು.

ತಂಗಿ ಸೀಟಿನ ಮೇಲಿಂದ ಹಿಂದಕ್ಕೆ ತಿರುಗಿ, ಆ ಎರಡು ಮಂಡಿಗಳಿರುವ ಕಡೆಗೆ ಬಹಳ ಹೊತ್ತು ನೋಡಿದಳು. ಟಿಕ್ ಎಂದಿತು ಕೋಲು.

"ಇನ್ನೂ ಸ್ವಲ್ಪ ಜಾಗ ಇದೆ ಅಕ್ಕ," ಅಂದಳು.

ಕ್ಲಚ್ ಮೇಲಿದ್ದ ಅವಳ ಕಾಲು ನಡುಗುತ್ತಿರಲಿಲ್ಲ.